ಚರ್ಚ್ ಕಂಪೌಂಡಲ್ಲಿ ಹಾಕಿದ ಒಂದು ಸೈನ್

ಇದು ನಮ್ಮ ಚರ್ಚಲ್ಲಿ ಒಬ್ಬರು ಇನ್ನೊಬ್ಬನ ಸಾಲಕ್ಕೆ ಜಾಮೀನು ಸೈನ್ ಹಾಕಿ, ಎರಡು ಮನೆ ಮಧ್ಯೆ ಬಂದ ಬಿರುಕಿನ ಕಥೆ. ಮೊದಲೇ ಹೇಳ್ಬಿಡ್ತೀನಿ, ಇದರಲ್ಲಿ ಊರಿನ ಹೆಸರಿಲ್ಲ, ಸಭೆ (ಅಂದ್ರೆ ನಮ್ಮ ಚರ್ಚಿನ ಸಮುದಾಯ) ಹೆಸರಿಲ್ಲ, ಸಾಲ ಕೊಟ್ಟ ಸೊಸೈಟಿ ಹೆಸರೂ ಇಲ್ಲ. ಗುರುತು ಸಿಗಬಾರ್ದು ಅಂತ ಒಂದಷ್ಟು ವಿವರ ಬದಲಾಯಿಸಿದ್ದೀನಿ, ಎರಡೂ ಮನೆಯವರಿಗೆ ಓದಿ ಹೇಳಿ, ಹೂಂ ಅಂದ ಮೇಲೇನೇ ಬರೀತಿರೋದು. ಸಾಲ ಮಾಡಿದವನನ್ನ "ತಮ್ಮ" ಅಂತ ಕರೀತೀನಿ, ಜಾಮೀನು ಹಾಕಿದವರನ್ನ "ಮಾಸ್ತರು" ಅಂತ, ಮಾಸ್ತರ ಹೆಂಡತೀನ "ಅಕ್ಕಾರು" ಅಂತ. ನಾನು ಹಳೇ ಮೈಸೂರು ಕಡೆಯವನು, ಕೆಲಸಕ್ಕೆ ಅಂತ ಧಾರವಾಡ-ಗದಗ ಸೀಮೆಗೆ ಬಂದು 14 ವರ್ಷ ಆಯ್ತು, ಆಗ ಸಭೆಯ ಕಮಿಟಿಯಲ್ಲಿದ್ದೆ. ಈ ಕಥೆಯಲ್ಲಿ ಒಂದು ತಪ್ಪು ನಂದೂ ಇದೆ, ಅದನ್ನ ಅದರ ಜಾಗದಲ್ಲೇ ಹೇಳ್ತೀನಿ.

ಹಿನ್ನೆಲೆ

ಈ ಭಾಗಕ್ಕೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಬಂದಿದ್ದು 1837ರ ಹೊತ್ತಿಗೆ, ಮೊದಲು ಧಾರವಾಡ, ಆಮೇಲೆ ಹುಬ್ಬಳ್ಳಿ, ಬೆಟಗೇರಿ ಅಂತ. ನಮ್ದೂ ಅದೇ ಸಾಲಿನ ಹಳೇ ಸಭೆ, ಎಲ್ಲರೂ ಎಲ್ಲರಿಗೂ ಏನೋ ಒಂದು ಆಗಬೇಕು, ಮದುವೆ ಸಂಬಂಧ ಇಲ್ದಿದ್ರೆ ಒಂದೇ ಸ್ಕೂಲು, ಅದೂ ಇಲ್ದಿದ್ರೆ ಒಂದೇ ಓಣಿ. ಇನ್ನೊಂದು ವಿಷಯ, ಸಹಕಾರ ಸಂಘ ಅನ್ನೋದು ಈ ಕಡೆ ಜನಕ್ಕೆ ಮನೆ ಬಾಗಿಲಿನ ವ್ಯವಹಾರ. ಗದಗ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಶುರು ಮಾಡಿದ್ದು 1905ರಲ್ಲಿ. ಹಾಗಾಗಿ "ಸೊಸೈಟಿಯೊಳಗ ಲೋನ್ ತಗೊಂಡೀನಿ, ನೀವೊಂದು ಸೈನ್ ಮಾಡ್ರಿ" ಅನ್ನೋದು ಇಲ್ಲಿ "ಒಂದು ಕಪ್ ಚಹಾ ಕುಡೀರಿ" ಅಂದಷ್ಟೇ ಸಲೀಸಾಗಿ ಬರೋ ಮಾತು.

ತಮ್ಮಂದು ಪೆಂಡಾಲ್ ಬಿಸಿನೆಸ್. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಎರಡು ಜನರೇಟರ್. ಮಾಸ್ತರು ಅನುದಾನಿತ ಹೈಸ್ಕೂಲಲ್ಲಿ ಗಣಿತ ಕಲಿಸ್ತಿದ್ರು, ಸಂಡೇ ಸ್ಕೂಲಲ್ಲೂ ಪಾಠ ಹೇಳ್ತಿದ್ರು, ತಮ್ಮನಿಗೆ "ಕರ್ತನ ಪ್ರಾರ್ಥನೆ" ಬಾಯಿಪಾಠ ಮಾಡಿಸಿದ್ದೇ ಅವರು. 2019ರ ಜುಲೈ, ಭಾನುವಾರ ಆರಾಧನೆ ಮುಗಿದು ಜನ ಹೊರಗೆ ಬರ್ತಿರೋವಾಗ ತಮ್ಮ ಒಂದು ಪ್ಲಾಸ್ಟಿಕ್ ಫೈಲ್ ಹಿಡ್ಕೊಂಡು ಬಂದ. 4 ಲಕ್ಷ ಲೋನ್, 14 ಪರ್ಸೆಂಟ್, 60 ಕಂತು, ತಿಂಗಳಿಗೆ 9,300 ಚಿಲ್ಲರೆ. ಸಂಬಳದಾರರು ಒಬ್ಬರು ಜಾಮೀನು ಬೇಕು. ಮಾಸ್ತರು ಸ್ಕೂಟರ್ ಸೀಟಿನ ಮೇಲೆ ಫೈಲ್ ಇಟ್ಟು ಪೆನ್ಸಿಲಲ್ಲಿ ಇಂಟು ಗುರುತು ಹಾಕಿದ್ದ ನಾಲ್ಕು ಕಡೆ ಸೈನ್ ಮಾಡಿದ್ರು. ಅರ್ಧ ನಿಮಿಷ ಹಿಡೀತೋ ಇಲ್ವೋ. ಅದರಲ್ಲಿ ಒಂದು ಹಾಳೆ, ಕಂತು ನಿಂತ್ರೆ ನನ್ನ ಸಂಬಳದಿಂದ ಹಿಡ್ಕೊಳ್ಳಿ ಅನ್ನೋ ಒಪ್ಪಿಗೆ ಪತ್ರ. ಮಕ್ಕಳಿಗೆ "ಪ್ರಶ್ನೆ ಎರಡು ಸಲ ಓದ್ರಲೇ" ಅಂತ ಬೆತ್ತ ತೋರಿಸ್ತಿದ್ದ ಮನುಷ್ಯ, ಅದನ್ನ ಒಂದು ಸಲವೂ ಓದಲಿಲ್ಲ.

ಮನೆಗೆ ಹೋಗಿ ಅಕ್ಕಾರಿಗೆ ಹೇಳಲೂ ಇಲ್ಲ. ಯಾಕೆ ಅಂತ ಆಮೇಲೆ ಕೇಳಿದಾಗ ಮಾಸ್ತರು ಅಂದಿದ್ದು, "ಹೇಳಿದ್ರ ಬ್ಯಾಡ ಅಂತಿದ್ಲು." ಅಂದ್ರೆ ಬೇಡ ಅನ್ನೋಕೆ ಕಾರಣ ಇದೆ ಅಂತ ಅವರಿಗೆ ಆಗಲೇ ಗೊತ್ತಿತ್ತು.

ಸಮಸ್ಯೆ

ಎಂಟು ಕಂತು ಸರಿಯಾಗಿ ಹೋಯ್ತು. 2020ರ ಮಾರ್ಚಲ್ಲಿ ಲಾಕ್‌ಡೌನ್. ಪೆಂಡಾಲ್‌ನವರ ವರ್ಷದ ದುಡಿಮೆ ಬರೋದೇ ಏಪ್ರಿಲ್-ಮೇ ಮದುವೆಗಳಲ್ಲಿ, ಆ ಸಲ ಮದುವೆಗೆ 50 ಜನ ಅಂತ ರೂಲ್ ಬಂತು, ಐವತ್ತು ಜನಕ್ಕೆ ಶಾಮಿಯಾನ ಯಾರು ಹಾಕಿಸ್ತಾರೆ, ಮನೆ ಪಡಸಾಲೆಯಲ್ಲೇ ಮುಗಿಸಿದ್ರು. 2021ರ ಸೀಸನ್ನೂ ಎರಡನೇ ಅಲೆಗೆ ಹೋಯ್ತು. ಸೊಸೈಟಿಯವರು ಒಂದಷ್ಟು ತಿಂಗಳು ಸುಮ್ಮನಿದ್ರು, ಬಡ್ಡಿ ಸುಮ್ಮನಿರಲಿಲ್ಲ. ತಮ್ಮ ಆಗೊಮ್ಮೆ ಈಗೊಮ್ಮೆ ಮೂರು ಸಾವಿರ ಐದು ಸಾವಿರ ಕಟ್ಟಿದ್ದು ಬಡ್ಡಿಗೂ ಸಾಲಲಿಲ್ಲ. 2021ರ ಕೊನೆಗೆ ಬಾಕಿ 4,12,000. ತಗೊಂಡಿದ್ದಕ್ಕಿಂತ ಜಾಸ್ತಿ!

ನೋಟಿಸ್ ಬಂತು. ಎರಡನೇ ಜಾಮೀನುದಾರ ತಮ್ಮನ ಸಂಬಂಧಿ, ದಿನಗೂಲಿ, ಅವರ ಹತ್ರ ಹಿಡಿಯೋಕೆ ಏನೂ ಇರಲಿಲ್ಲ, ಹಾಗಾಗಿ ಸೀದಾ ಮಾಸ್ತರ ಸಂಬಳಕ್ಕೆ ಕೈ ಹಾಕಿದ್ರು. ಇಲ್ಲಿ ತುಂಬಾ ಜನ ತಿಳ್ಕೊಂಡಿರೋದೇ ತಪ್ಪು: ಮೊದಲು ಸಾಲಗಾರನ ಆಸ್ತಿ ಮುಟ್ಟಬೇಕು, ಅದು ಆಗದಿದ್ರೆ ಮಾತ್ರ ಜಾಮೀನುದಾರ ಅಂತ. 1872ರ ಕರಾರು ಕಾಯ್ದೆ 128ನೇ ಸೆಕ್ಷನ್ ಪ್ರಕಾರ ಬೇರೆ ಥರ ಬರ್ಕೊಳ್ಳದೇ ಇದ್ರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. "ಸಾಕ್ಷಿಗೆ ಒಂದು ಸೈನ್" ಅಲ್ಲ ಅದು.

2022ರ ಜನವರಿಯಿಂದ ತಿಂಗಳಿಗೆ 12,000 ಕಟ್. ಅಕ್ಕಾರಿಗೆ ಗೊತ್ತಾಗಿದ್ದು ಪಾಸ್‌ಬುಕ್ ಎಂಟ್ರಿ ಹಾಕಿಸೋಕೆ ಬ್ಯಾಂಕಿಗೆ ಹೋದಾಗ. ಅವರು ಮನೇಲೇ ಬ್ಲೌಸ್ ಹೊಲೀತಾರೆ, ಆ ದುಡ್ಡಲ್ಲಿ ಒಂದು ಆರ್‌ಡಿ ಕಟ್ತಾ ಇದ್ರು, ಮಂಡಿ ನೋವಿಗೆ ತೋರಿಸ್ಕೊಳ್ಳೋಕೆ ಅಂತ. ಮನೆ ಖರ್ಚು ತೂಗಿಸೋಕೆ ಮಾರ್ಚಲ್ಲಿ ಅದನ್ನ ಮುರಿದ್ರು. ಸಭೆಯಲ್ಲಿ ಎಲ್ಲರೂ ಇದನ್ನ "ಮಾಸ್ತರು-ತಮ್ಮನ ಜಗಳ" ಅಂತ ಕರೀತಿದ್ವಿ, ಜಾಸ್ತಿ ಕಳ್ಕೊಂಡ ಮನುಷ್ಯರ ಹೆಸರೇ ಅದರಲ್ಲಿ ಇರಲಿಲ್ಲ.

ತಮ್ಮ ಏನು ಮಾಡ್ದ? ತಪ್ಪಿಸ್ಕೊಂಡ. ಮೊದಲು ಫೋನ್ ಎತ್ತೋದು ಬಿಟ್ಟ, ಆಮೇಲೆ ಎಡಗಡೆ ಮೂರನೇ ಬೆಂಚು ಬಿಟ್ಟು ಕೊನೇ ಬೆಂಚಿಗೆ ಹೋದ, ಎರಡನೇ ಗೀತೆ ಹೊತ್ತಿಗೆ ಬಂದು ಆಶೀರ್ವಚನಕ್ಕೆ ಮುಂಚೆ ಎದ್ದು ಹೋಗ್ತಿದ್ದ. ನಾವೆಲ್ಲ ಅದನ್ನ ಸೊಕ್ಕು ಅಂದ್ಕೊಂಡ್ವಿ.

ಏನೇನು ಮಾಡಿದ್ವಿ, ಎಲ್ಲೆಲ್ಲಿ ಕೆಡಿಸಿದ್ವಿ

ಮೊದಲನೇ ಕೆಡಿಸಿದ್ದು ನಾನು. ಸಭೆಯ ಪ್ರಾರ್ಥನಾ ವಾಟ್ಸಾಪ್ ಗ್ರೂಪಲ್ಲಿ, ದೇವರಾಣೆ ಒಳ್ಳೇ ಮನಸ್ಸಿಂದಾನೇ, ಒಂದು ಮೆಸೇಜ್ ಹಾಕ್ದೆ. "ನಮ್ಮ ಸಭೆಯ ಇಬ್ಬರು ಸಹೋದರರ ನಡುವಿನ ಹಣದ ವಿಷಯಕ್ಕಾಗಿ ಭಾರದಿಂದ ಪ್ರಾರ್ಥಿಸಿರಿ." ಹೆಸರು ಹಾಕಿರಲಿಲ್ಲ. 160 ಜನರ ಗ್ರೂಪಲ್ಲಿ ಹೆಸರು ಹಾಕೋ ಅವಶ್ಯಕತೆಯೇ ಇರಲಿಲ್ಲ, ಅರ್ಧ ಗಂಟೆಯಲ್ಲಿ ನನಗೇ ಪರ್ಸನಲ್ ಮೆಸೇಜ್ ಬರೋಕೆ ಶುರು, "ಯಾರು ಬ್ರದರ್? ಪೆಂಡಾಲ್‌ನವನಾ?" ಕೈ ಮುಗಿದ ಇಮೋಜಿ ಜೊತೆಗೆ. ರಾತ್ರಿ 10 ಗಂಟೆಗೆ ತಮ್ಮ ಗ್ರೂಪಿಂದ ಲೆಫ್ಟ್ ಆದ. ಮಾರನೇ ಭಾನುವಾರದಿಂದ ಅವನ ಹೆಂಡತಿ, ಮಕ್ಕಳು ಕೂಡ ಬರಲಿಲ್ಲ. ಬೈಬಲ್ಲಿನ ಮತ್ತಾಯ 18:15 ನಮ್ಮಲ್ಲಿ ಎಲ್ಲರಿಗೂ ಬಾಯಿಗೆ ಬರುತ್ತೆ, ಸಹೋದರ ತಪ್ಪು ಮಾಡಿದ್ರೆ ನೀನೂ ಅವನೂ ಇಬ್ಬರೇ ಇರೋವಾಗ ತಿಳಿಸಿ ಹೇಳು ಅಂತ. ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರನ್ನ ಕರ್ಕೊಂಡು ಹೋಗು, ಅದಕ್ಕೂ ಕೇಳದಿದ್ರೆ ಸಭೆಗೆ ಹೇಳು. ನಾನು ಮೂರನೇ ಮೆಟ್ಟಿಲಿಂದ ಶುರು ಮಾಡಿದ್ದೆ, ಅದೂ ಪ್ರಾರ್ಥನೆ ಅನ್ನೋ ಹೆಸರಲ್ಲಿ. ನಮ್ಮಲ್ಲಿ ಚಾಡಿಗೆ "ಪ್ರಾರ್ಥನಾ ವಿಷಯ" ಅನ್ನೋ ಅಂಗಿ ಹಾಕೋದು ಎಷ್ಟು ಸುಲಭ ಅಂದ್ರೆ, ಹಾಕ್ತಿರೋದು ನಮಗೇ ಗೊತ್ತಾಗಲ್ಲ.

ಎರಡನೇದು ಅಯ್ಯನವರದ್ದು, ಅಂದ್ರೆ ನಮ್ಮ ಪಾದ್ರಿಗಳದ್ದು. ಒಳ್ಳೇ ಮನುಷ್ಯರು, ಆಗಷ್ಟೇ ವರ್ಗ ಆಗಿ ಬಂದಿದ್ರು. ಶುಭ ಶುಕ್ರವಾರಕ್ಕೆ ಮುಂಚೆ ಇದನ್ನ ಮುಗಿಸಿಬಿಡಬೇಕು ಅಂತ ಅವರಿಗೆ ಅವಸರ. ಇಬ್ಬರನ್ನೂ ವೆಸ್ಟ್ರಿಗೆ (ಚರ್ಚಿನ ಒಳಕೋಣೆಗೆ) ಕರೆಸಿ, ಪೇತ್ರ ಏಳು ಸಲ ಕ್ಷಮಿಸಿದ್ರೆ ಸಾಕಾ ಅಂದಾಗ ಯೇಸು ಏಳೆಪ್ಪತ್ತು ಸಲ ಅಂದದ್ದು, ರಾಜನಿಂದ ಹತ್ತು ಸಾವಿರ ತಲಾಂತಿನ ಭಾರೀ ಸಾಲ ಮನ್ನಾ ಮಾಡಿಸ್ಕೊಂಡ ಆಳು ಹೊರಗೆ ಬಂದು ನೂರು ಹಣದ ಸಾಲಕ್ಕೆ ಜೊತೆಯವನ ಕುತ್ತಿಗೆ ಹಿಡಿದದ್ದು, ಎಲ್ಲಾ ಓದಿ, ಪ್ರಾರ್ಥನೆ ಮಾಡಿ ಕೈ ಕುಲುಕಿಸಿದ್ರು. ತಮ್ಮ ಅತ್ತ. ಮಾಸ್ತರು "ಆತು ಬಿಡ್ರಿ, ನಾ ಕ್ಷಮಿಸೀನಿ" ಅಂದ್ರು. ನಾವೆಲ್ಲ ಹಲ್ಲೆಲೂಯ ಅಂದು ಚಹಾ ಕುಡಿದು ಹೋದ್ವಿ.

ಏಪ್ರಿಲ್ ಸಂಬಳದಲ್ಲಿ ಮತ್ತೆ 12,000 ಕಟ್.

ಆ ವೆಸ್ಟ್ರಿ ಮೀಟಿಂಗಲ್ಲಿ ಎಷ್ಟು ಬಾಕಿ, ಯಾರು ಕಟ್ಟಬೇಕು, ಯಾವಾಗಿಂದ, ಈ ಮೂರು ಪ್ರಶ್ನೆ ಯಾರೂ ಕೇಳಲೇ ಇಲ್ಲ, ಕೇಳಿದ್ರೆ ಆತ್ಮಿಕ ವಾತಾವರಣ ಕೆಡುತ್ತೆ ಅನ್ನೋ ಥರ ಎಲ್ಲರೂ ಕೂತಿದ್ವಿ. ತಮ್ಮ ಅಂದ್ಕೊಂಡ, ಮಾಸ್ತರು ಮನ್ನಾ ಮಾಡಿದ್ರು ಅಂತ. ಮಾಸ್ತರು ಅಂದ್ಕೊಂಡ್ರು, ಇನ್ನು ಮೇಲೆ ತಮ್ಮ ಕಟ್ತಾನೆ ಅಂತ. ಇಬ್ಬರೂ ಪ್ರಾಮಾಣಿಕವಾಗೇ ಅಂದ್ಕೊಂಡಿದ್ದು.

ಮೇ ತಿಂಗಳ ಕರ್ತನ ಭೋಜನದ ದಿನ, ಅಂದ್ರೆ ರೊಟ್ಟಿ-ದ್ರಾಕ್ಷಾರಸ ತಗೊಳ್ಳೋ ಆರಾಧನೆಯ ದಿನ, ಮಾಸ್ತರು ಎದ್ದು ಮುಂದೆ ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ಶನಿವಾರ ಸಂಜೆ ಬಂದು ದ್ರಾಕ್ಷಾರಸದ ಆ ಸಣ್ಣ ಲೋಟಗಳನ್ನ ಬಿಳಿ ಬಟ್ಟೇಲಿ ಒರೆಸಿ ಜೋಡಿಸ್ತಿದ್ದೇ ಅವರು, ಹಿಂದಿನ ಸಂಜೆನೂ ಜೋಡಿಸಿಟ್ಟೇ ಹೋಗಿದ್ರು. ಬೆಂಚಿನವರೆಲ್ಲ ಎದ್ದು ಮುಂದೆ ಹೋಗ್ಬೇಕಾದ್ರೆ ಮೊಣಕಾಲು ಪಕ್ಕಕ್ಕೆ ತಿರುಗಿಸಿ ದಾರಿ ಬಿಟ್ರು, ಗೀತೆ ಪುಸ್ತಕ ತೆರೆದು ಹಿಡ್ಕೊಂಡಿದ್ರು, ಹಾಡ್ತಿರಲಿಲ್ಲ. ಅಕ್ಕಾರು ಒಬ್ಬರೇ ಮುಂದೆ ಹೋಗಿ ಬಂದ್ರು. ಆಮೇಲೆ ತಿಂಗಳುಗಟ್ಟಲೆ ಹೀಗೇ.

ಮೂರನೇ ಪ್ರಯತ್ನ, ವಕೀಲರು. ಸಭೆಯವರೇ ಒಬ್ಬ ವಕೀಲರು ಹೇಳಿದ್ರು, ಜಾಮೀನುದಾರ ಎಷ್ಟು ಕಟ್ಟಿದ್ದಾನೋ ಅಷ್ಟನ್ನ ಸಾಲಗಾರನಿಂದ ವಸೂಲಿ ಮಾಡೋ ಹಕ್ಕು ಅದೇ ಕಾಯ್ದೆಯಲ್ಲಿದೆ, ಕೇಸ್ ಹಾಕೋಣ ಅಂತ. ಕಮಿಟಿಯಲ್ಲಿ ಇಬ್ಬರು 1 ಕೊರಿಂಥ 6 (ಪೌಲನು ಕೊರಿಂಥದ ಸಭೆಗೆ ಬರೆದ ಪತ್ರ) ತೆಗೆದ್ರು, ಸಹೋದರ ಸಹೋದರನ ಮೇಲೆ ನ್ಯಾಯಾಲಯಕ್ಕೆ ಹೋಗ್ಬಾರ್ದು ಅಂತ. ನನ್ನ ಅಭಿಪ್ರಾಯ ಇಲ್ಲೇ ಹೇಳ್ತೀನಿ, ಪೌಲನು ಅಲ್ಲಿ ಬರೀ ಕೋರ್ಟಿಗೆ ಹೋಗ್ಬೇಡಿ ಅಂದಿಲ್ಲ, ಸಹೋದರರ ಮಧ್ಯೆ ತೀರ್ಮಾನ ಮಾಡೋ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ವಾ ಅಂತ ಕೇಳ್ತಾನೆ, ಎಂಟನೇ ವಚನದಲ್ಲಿ ನೀವೇ ಮೋಸ ಮಾಡ್ತೀರಿ, ಅದೂ ಸಹೋದರರಿಗೆ ಅಂತ ಬೈತಾನೆ. ಅಂದ್ರೆ ಕೋರ್ಟ್ ಬೇಡ ಅನ್ನೋ ಸಭೆ ತಾನೇ ಕೂತು ಲೆಕ್ಕ ಬಗೆಹರಿಸ್ಬೇಕು. ನಾವು ಮೊದಲನೇದನ್ನ ಹೇಳಿ ಎರಡನೇದನ್ನ ಬಿಟ್ಟಿದ್ವಿ. ಹೆಂಗೂ ಮಾಸ್ತರೇ ಕೇಸ್ ಬೇಡ ಅಂದ್ರು, ಅದು ವಚನಕ್ಕೆ ಹೆದರಿಯೋ, ಕ್ಲಾಸಲ್ಲಿ ಕೂರಿಸಿ ಕಲಿಸಿದ ಹುಡುಗನ ಮೇಲಾ ಅಂತಲೋ, ನನಗೆ ಗೊತ್ತಿಲ್ಲ.

ತಿರುವು

ತಿರುವು ಬಂದಿದ್ದು ಸ್ತ್ರೀಯರ ಕೂಟದಿಂದ. ರಿಟೈರ್ ಆದ ಒಬ್ಬ ನರ್ಸ್ ಇದ್ದಾರೆ, ಊರೆಲ್ಲ ನರ್ಸಬಾಯಿ ಅಂತ ಕರೀತಾರೆ, ಈ ಸಭೆಯ ಅರ್ಧ ಜನ ಅವರ ಕೈಲೇ ಹುಟ್ಟಿದ್ದು. 2022ರ ನವೆಂಬರಲ್ಲಿ ಅಕ್ಕಾರನ್ನ ನೋಡೋಕೆ ಹೋದವರು ಮಾಸ್ತರನ್ನ ಎದುರಿಗೆ ಕೂರಿಸ್ಕೊಂಡು ಕೇಳಿದ್ದು ಇಷ್ಟೇ:

"ನೀವು ಕ್ಷಮಿಸೀನಿ ಅಂದ್ರಲ್ಲ, ಯಾರ ರೊಕ್ಕಾ ಕ್ಷಮಿಸಿದ್ರಿ?"

ಮಾಸ್ತರಿಗೆ ಅರ್ಥ ಆಗಲಿಲ್ಲ.

"ಆ ಕಥಿಯೊಳಗ ರಾಜಾ ಮನ್ನಾ ಮಾಡಿದ್ದು ತನ್ನ ಸ್ವಂತ ರೊಕ್ಕ. ಇದು ಈಕಿ ಹೊಲಿಗಿ ರೊಕ್ಕ ಐತಿ. ಈಕಿನ್ನ ಕೇಳಿ ಸೈನ್ ಮಾಡ್ಲಿಲ್ಲ, ಈಕಿನ್ನ ಕೇಳಿ ಕ್ಷಮಿಸ್ಲೂ ಇಲ್ಲ. ಮೊದ್ಲ ಈಕಿ ಕಡೆ ತಪ್ಪಾತು ಅನ್ರಿ."

ಇದನ್ನ ನನಗೆ ಹೇಳಿದ್ದು ಅಕ್ಕಾರು. ಮಾಸ್ತರು ಸುಮಾರು ಹೊತ್ತು ಸುಮ್ಮನಿದ್ದು, ಆಮೇಲೆ ಎದ್ದು ಅಡುಗೆಮನೆ ಬಾಗಿಲ ಹತ್ರ ಬಂದು ನಿಂತು "ತಪ್ಪಾತು" ಅಂದ್ರಂತೆ. ಅಕ್ಕಾರು ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ಆವತ್ತ ಅಂದಿದ್ರ ಆರ್‌ಡಿ ಉಳೀತಿತ್ತು" ಅಂದ್ರಂತೆ. ಅಷ್ಟೇ.

ನರ್ಸಬಾಯಿ ಎರಡನೇ ಕೆಲಸ ಹೇಳಿದ್ರು, ಮೊದಲಿಂದ ಶುರು ಮಾಡ್ರಿ, ಒಬ್ಬರೇ ಹೋಗ್ರಿ, ಅಯ್ಯನವರೂ ಬೇಡ, ಕಮಿಟಿಯೂ ಬೇಡ. ಹೋಗಬೇಕಾದ್ರೆ ಬೈಬಲ್ಲಿನ ಧರ್ಮೋಪದೇಶಕಾಂಡ 24ನೇ ಅಧ್ಯಾಯ ಓದ್ಕೊಂಡು ಹೋಗ್ರಿ ಅಂತ. ನಾನು ಆ ಭಾಗ ಎಷ್ಟೋ ಸಲ ಓದಿದ್ದೀನಿ, ಕಣ್ಣಿಗೆ ಬಿದ್ದೇ ಇರಲಿಲ್ಲ. ಸಾಲ ಕೊಟ್ಟವನು ಒತ್ತೆ ತಗೊಳ್ಳೋಕೆ ಅವನ ಮನೆಯೊಳಗೆ ಹೋಗ್ಬಾರ್ದು, ಹೊರಗೆ ನಿಂತ್ಕೋಬೇಕು, ಸಾಲಗಾರನೇ ಅದನ್ನ ಹೊರಗೆ ತರ್ತಾನೆ ಅಂತಿದೆ. ಬಡವನಾಗಿದ್ರೆ ಒತ್ತೆ ಇಟ್ಟ ಅವನ ಹೊದಿಕೇನ ಸೂರ್ಯ ಮುಳುಗೋ ಹೊತ್ತಿಗೆ ವಾಪಸ್ ಕೊಡಬೇಕು ಅಂತಲೂ ಇದೆ. ಸಾಲಗಾರನ ಮನೆ ಹೊಸ್ತಿಲಿಗೂ ಒಂದು ಮರ್ಯಾದೆ ಇದೆ ಅಂತ ಸಾವಿರಾರು ವರ್ಷದ ಹಿಂದೆ ಬರೆದಿಟ್ಟಿದ್ದಾರೆ, ನಾವು ಅವನ ಮನೆ ವಿಷಯಾನ ಗ್ರೂಪಿಗೆ ಹಾಕಿದ್ವಿ.

ಡಿಸೆಂಬರ್ ಮೊದಲ ವಾರ, ಸಂಜೆ. ತಮ್ಮನ ಗೋಡೌನ್ ಊರಾಚೆ, ತಗಡಿನ ಶೆಡ್. ಮಾಸ್ತರು ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿ ಅಲ್ಲೇ ನಿಂತ್ರು. ತಮ್ಮ ಒಳಗೆ ಕುರ್ಚಿ ಹತ್ತತ್ತು ಮಾಡಿ ಪೇರಿಸ್ತಿದ್ದ.

"ಒಳಗ ಬರ್ರಿ ಸರ" ಅಂದ, ಮುಖ ನೋಡದೇ.

"ನಾ ಒಳಗ ಬರಂಗಿಲ್ಲ. ನಿನಗ ಆದಾಗ ನೀನ ಹೊರಗ ಬಾ. ನಾ ನಿಂತಿರ್ತೀನಿ."

ಹತ್ತು ನಿಮಿಷ ಆಯ್ತಂತೆ. ತಮ್ಮ ಆಮೇಲೆ ನನಗೆ ಹೇಳಿದ್ದು, ಆ ಹತ್ತು ನಿಮಿಷ ಕುರ್ಚಿ ಲೆಕ್ಕ ಮೂರು ಸಲ ತಪ್ಪಿತು, ಸರ್ ಒಳಗೆ ಬಂದು ಬೈದಿದ್ರೆ ನಾನೂ ಬಾಯಿ ಮಾಡ್ತಿದ್ದೆ, ರೆಡಿ ಆಗೇ ಇದ್ದೆ, ಹೊರಗೆ ನಿಂತಿದ್ರಲ್ಲ, ಅದಕ್ಕೆ ಏನು ಮಾಡ್ಬೇಕು ಅಂತ ತಿಳೀಲಿಲ್ಲ ಅಂತ. ಕೊನೆಗೆ ಧೂಳು ಕೈ ಪ್ಯಾಂಟಿಗೆ ಒರೆಸ್ಕೊಂಡು ಬಂದ. ಬಂದವನು ಎರಡು ವಿಷಯ ಹೇಳ್ದ. ಒಂದು, ಎರಡೂ ಜನರೇಟರ್ ಮಾರಿಯಾಗಿದೆ, ಹೆಂಡತಿ ಬಳೆ ಒತ್ತೆ ಇಟ್ಟಿದ್ದೀನಿ, ಅದು ಯಾರಿಗೂ ಗೊತ್ತಿಲ್ಲ. ಇನ್ನೊಂದು, ಇದು ಲಾಕ್‌ಡೌನ್‌ಗೆ ಸಂಬಂಧವೇ ಇಲ್ಲದ್ದು: ಆ 4 ಲಕ್ಷದಲ್ಲಿ 1,20,000 ಪೆಂಡಾಲಿಗೆ ಹೋಗಲೇ ಇಲ್ಲ, ತಂಗಿ ಮದುವೆ ಸಾಲ ತೀರಿಸೋಕೆ ಹೋಯ್ತು. ಸೈನ್ ಮಾಡಿಸ್ಕೊಳ್ಳೋವಾಗ ಹೇಳಿದ್ರೆ ನೀವು ಮಾಡ್ತಿರಲಿಲ್ಲ ಅಂತ ಹೇಳಲಿಲ್ಲ.

ನನಗೆ ಇದು ತುಂಬಾ ಹಿಡಿಸಿದ ಜಾಗ. ಮಾಸ್ತರು ಅಕ್ಕಾರಿಗೆ ಹೇಳದೇ ಇದ್ದದ್ದಕ್ಕೂ ತಮ್ಮ ಮಾಸ್ತರಿಗೆ ಹೇಳದೇ ಇದ್ದದ್ದಕ್ಕೂ ಕಾರಣ ಒಂದೇ, ಹೇಳಿದ್ರೆ ಬೇಡ ಅಂತಾರೆ. ಮಾಸ್ತರಿಗೂ ಅದು ಅಲ್ಲೇ ಹೊಳೀತು ಅನ್ಸುತ್ತೆ, ಯಾಕಂದ್ರೆ ಅವರು ಬೈಯಲಿಲ್ಲ, "ನಾನೂ ಮನ್ಯಾಗ ಹೇಳಿರ್ಲಿಲ್ಲೋ" ಅಂದ್ರಂತೆ.

ಆಮೇಲೆ ಆಗಿದ್ದು

ಒಂದು ವಾರ ಬಿಟ್ಟು ಎರಡನೇ ಮೆಟ್ಟಿಲು, ಇಬ್ಬರು ಸಾಕ್ಷಿ. ನರ್ಸಬಾಯಿ ಮತ್ತೆ ನಾನು. ನನ್ನನ್ನ ಬೇಡ ಅಂತ ತಮ್ಮ ಹೇಳಬಹುದಿತ್ತು, ಗ್ರೂಪ್ ಮೆಸೇಜಿಗೆ ನಾನು ಮೊದಲು ಅವನ ಹತ್ರ ಹೋಗಿ ಸಾರಿ ಕೇಳಿದ್ದೆ, ಅವನು "ಇರ್ಲಿ ಬಿಡ್ರಿ" ಅಂದಿದ್ದ, ಆ "ಇರ್ಲಿ"ಯಲ್ಲಿ ಕ್ಷಮೆ ಇರಲಿಲ್ಲ ಅಂತ ನನಗೂ ಗೊತ್ತು. ಆದ್ರೂ ಒಪ್ಕೊಂಡ. ಅಕ್ಕಾರು, ತಮ್ಮನ ಹೆಂಡತಿ ಇಬ್ಬರೂ ಕೂತಿರಲೇಬೇಕು ಅನ್ನೋದು ನರ್ಸಬಾಯಿಯ ಕಂಡೀಷನ್. ಪ್ರಾರ್ಥನೆ ಮಾಡೋಣ ಅಂತ ನಾನು ಕಣ್ಣು ಮುಚ್ಚೋಕೆ ಹೋದ್ರೆ, "ಮೊದ್ಲ ಲೆಕ್ಕಾ ಬರೀರಿ, ಆಮ್ಯಾಲೆ ಪ್ರಾರ್ಥನಾ" ಅಂದ್ರು.

ಲೆಕ್ಕ ಇಷ್ಟು. ಒಂದು ವರ್ಷದಲ್ಲಿ ಮಾಸ್ತರ ಸಂಬಳದಿಂದ ಹೋಗಿದ್ದು 12 ಸಲ 12,000, ಅಂದ್ರೆ 1,44,000 (ಹೌದು, ಬೈಬಲ್ಲಿನ ಕೊನೇ ಪುಸ್ತಕ ಪ್ರಕಟನೆಯಲ್ಲಿ ಬರೋ ನಂಬರೇ, ಆ ಕಷ್ಟದಲ್ಲೂ ಮಾಸ್ತರಿಗೆ ನಗು ಬಂತು). ಸೊಸೈಟಿಯಲ್ಲಿ ಇನ್ನೂ ಬಾಕಿ 3,20,000 ಹತ್ರ. 2023ರ ಜನವರಿಯಿಂದ ಸೊಸೈಟಿಗೆ ತಿಂಗಳಿಗೆ 12,000 ತಮ್ಮನೇ ಕಟ್ಟೋದು, 10ನೇ ತಾರೀಖಿನೊಳಗೆ ರಸೀದಿ ಫೋಟೋ ಅಕ್ಕಾರ ಫೋನಿಗೆ, ಮಾಸ್ತರ ಫೋನಿಗಲ್ಲ. ಮಾಸ್ತರ ಮನೆಗೆ ತಿಂಗಳಿಗೆ 4,000, 36 ತಿಂಗಳು. ಆಷಾಢದಲ್ಲಿ ಮದುವೆ ಇರಲ್ಲ, ಆ ತಿಂಗಳು ಮನೆಗೆ ಕೊಡೋದನ್ನ ಅರ್ಧಕ್ಕೆ ಇಳಿಸೋದು, ಸೀಸನ್‌ನಲ್ಲಿ ಸರಿದೂಗಿಸೋದು. ಕೊಡೋಕೆ ಆಗದಿದ್ರೆ 10ನೇ ತಾರೀಖಿಗೆ ಮುಂಚೆ ಫೋನ್ ಮಾಡಿ ಹೇಳೋದು, ಫೋನ್ ಎತ್ತದೇ ಇರೋದು ಮಾತ್ರ ಇಲ್ಲ. ನೂರು ಪೇಜಿನ ಉದ್ದ ನೋಟ್‌ಬುಕ್‌ನಲ್ಲಿ ಬರೆದು ಆರೂ ಜನ ಸೈನ್ ಹಾಕಿದ್ವಿ, ಈ ಸಲ ಎಲ್ಲರೂ ಎರಡೆರಡು ಸಲ ಓದಿ.

ಸಭೆಗೆ ಏನು ಹೇಳ್ಬೇಕು ಅನ್ನೋದು ಇನ್ನೊಂದು ತೀರ್ಮಾನ. ರಾಜಿ ಆಯ್ತು ಅಂತ ಆರಾಧನೆಯಲ್ಲಿ ಎಲ್ಲರ ಮುಂದೆ ಸಾಕ್ಷಿ ಹೇಳಿಸೋಣ, ಸಭೆಗೆ ಆಶೀರ್ವಾದ ಆಗುತ್ತೆ ಅಂದ್ರು ಅಯ್ಯನವರು. ತಮ್ಮನ ಹೆಂಡತಿ ಆವತ್ತು ಮಾತಾಡಿದ್ದು ಒಂದೇ ಸಲ, "ಬ್ಯಾಡ್ರಿ, ಮಕ್ಕಳು ಸಾಲಿಗೆ ಹೋಗ್ತಾವ" ಅಂತ. ಹೇಳಿಸಲಿಲ್ಲ. ಅದು ಸರಿಯಾದ ತೀರ್ಮಾನ ಅಂತ ಈಗಲೂ ಅನ್ಸುತ್ತೆ, ನಮ್ಮಲ್ಲಿ ಸಾಕ್ಷಿ ಹೇಳಿಸೋ ಆಸೆ ಜಾಸ್ತಿ, ಹೇಳಿದವರು ಸೋಮವಾರ ಬೆಳಗ್ಗೆ ಓಣಿಯಲ್ಲಿ ಹೆಂಗೆ ನಡೀಬೇಕು ಅನ್ನೋ ಯೋಚನೆ ಕಮ್ಮಿ.

ಒಂದೇ ಸಮ ಕಟ್ಟಿದ ಅಂತ ಸುಳ್ಳು ಹೇಳಲ್ಲ. 2023ರಲ್ಲಿ ಎರಡು ತಿಂಗಳು ತಪ್ಪಿತು, 2024ರ ಮಳೆಗಾಲದಲ್ಲಿ ಶೆಡ್ಡಿಗೆ ನೀರು ನುಗ್ಗಿ ಬಟ್ಟೆ ಹಾಳಾಗಿ ಮತ್ತೊಂದು. ಮೂರು ಸಲವೂ ಫೋನ್ ಬಂತು. ಒಂದು ಸಲ ಅಕ್ಕಾರು ಜೋರಾಗಿ ಬೈದಿದ್ದಾರೆ, ಅದೂ ಆಗ್ಬೇಕಿತ್ತು.

ಜಾಮೀನಿನ ವಚನಗಳ ಬಗ್ಗೆ

ಇದಾದ ಮೇಲೆ ನಮ್ಮ ಯೌವನಸ್ಥರ ಕೂಟದಲ್ಲಿ ಒಬ್ಬ ಹುಡುಗಿ ಕೇಳಿದ್ಲು, ಹಾಗಾದ್ರೆ ಕ್ರೈಸ್ತರು ಜಾಮೀನು ಹಾಕಲೇಬಾರ್ದಾ ಅಂತ. ಬೈಬಲ್ಲಿನ ಜ್ಞಾನೋಕ್ತಿಗಳು ಅನ್ನೋ ಪುಸ್ತಕಾನ ಕೇಳಿದ್ರೆ ಹಾಕ್ಬೇಡ ಅಂತಲೇ ಅನ್ನುತ್ತೆ. 6ನೇ ಅಧ್ಯಾಯದಲ್ಲಿ, ಬೇರೆಯವನಿಗೆ ಹೊಣೆಯಾಗಿ ಸಿಕ್ಕಿಹಾಕ್ಕೊಂಡಿದ್ರೆ ಕಣ್ಣಿಗೆ ನಿದ್ದೆ ಕೊಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸ್ಕೊಳ್ಳೋ ಹಾಗೆ ತಪ್ಪಿಸ್ಕೋ ಅಂತ. 22ರಲ್ಲಿ ಇನ್ನೂ ನೇರ, ತೀರಿಸೋಕೆ ನಿನ್ನ ಹತ್ರ ಇಲ್ದಿದ್ರೆ ನೀನು ಮಲಗಿರೋ ಹಾಸಿಗೇನೂ ಎಳ್ಕೊಂಡು ಹೋಗ್ತಾರೆ ಅಂತ. ಅಕ್ಕಾರ ಆರ್‌ಡಿ ನೆನಪಾಗುತ್ತೆ ನನಗೆ ಅಲ್ಲಿ.

ಆದ್ರೆ ಅದೇ ಬೈಬಲ್ಲಲ್ಲಿ ಯೆಹೂದನು ಕಿರಿಯ ಸಹೋದರ ಬೆನ್ಯಾಮೀನನಿಗೆ ನಾನೇ ಹೊಣೆ ಅಂತ ಅಪ್ಪನ ಮುಂದೆ ನಿಂತಿದ್ದಾನೆ, ಮಾತು ಉಳಿಸ್ಕೊಳ್ಳೋ ಹೊತ್ತು ಬಂದಾಗ ಬೆನ್ಯಾಮೀನನ ಬದಲು ನಾನು ಗುಲಾಮ ಆಗ್ತೀನಿ ಅಂದಿದ್ದಾನೆ. ಪೌಲನು ಫಿಲೆಮೋನನಿಗೆ ಬರೆದ ಆ ಒಂದೇ ಅಧ್ಯಾಯದ ಪತ್ರದಲ್ಲಿ, ನಿನ್ನ ದಾಸ ಒನೇಸಿಮನು ನಿನಗೆ ಏನಾದ್ರೂ ಕೊಡೋದಿದ್ರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸ್ತೀನಿ, ಇದನ್ನ ನನ್ನ ಕೈಯಾರೆ ಬರೀತಿದ್ದೀನಿ ಅಂತಾನೆ. ಅದೂ ಒಂದು ಸೈನೇ. ವ್ಯತ್ಯಾಸ ಎಲ್ಲಿ ಅಂದ್ರೆ ಪೌಲನು ಕಣ್ಣು ಬಿಟ್ಕೊಂಡು ಸೈನ್ ಹಾಕಿದ್ದು, ಒನೇಸಿಮ ಏನು ಮಾಡಿದ್ದಾನೆ ಅಂತ ಗೊತ್ತಿದ್ದು, ಕೊಡಬೇಕಾಗಿ ಬರಬಹುದು ಅಂತಲೂ ಗೊತ್ತಿದ್ದು. ಮಾಸ್ತರು ಹಾಕಿದ್ದು, ಕೊಡಬೇಕಾಗಿ ಬರಲ್ಲ ಅಂತ ಅಂದ್ಕೊಂಡು. "ಕೇಳಿದವನಿಗೆ ಕೊಡು" ಅನ್ನೋ ಮತ್ತಾಯ 5:42 ಆವತ್ತು ತಲೆಯಲ್ಲಿತ್ತು ಅಂತಾರೆ ಅವರು, ಆದ್ರೆ ಅದು ಕೈಯಲ್ಲಿ ಇರೋದನ್ನ ಕೊಡೋ ಮಾತು. ಆವತ್ತೇ ಮಾಸ್ತರು ಮನೇಲಿ ಕೇಳಿ ಇಪ್ಪತ್ತು ಸಾವಿರ ಕೈಗೆ ಕೊಟ್ಟು, ಸೈನ್ ಮಾತ್ರ ಕೇಳ್ಬೇಡಪ್ಪ ಅಂದಿದ್ರೆ ಆ ವಚನಕ್ಕೆ ಅದೇ ಹತ್ರ ಇರ್ತಿತ್ತು ಅಂತ ನನ್ನ ಲೆಕ್ಕ.

ಇನ್ನು ಕ್ಷಮೆ. ದಿನಾ ಹೇಳೋ ಕರ್ತನ ಪ್ರಾರ್ಥನೆಯಲ್ಲಿ ನಮ್ಮ ಕನ್ನಡದಲ್ಲಿ "ತಪ್ಪು" ಅಂತಿರೋ ಕಡೆ ಮತ್ತಾಯನ ಗ್ರೀಕಲ್ಲಿ ಇರೋ ಪದಕ್ಕೆ ಅರ್ಥ ಸಾಲ. ಅದನ್ನ ಹಿಡ್ಕೊಂಡು ಹಾಗಾದ್ರೆ ಸಾಲ ಬಿಟ್ಟುಬಿಡಿ ಅಂತ ಕಷ್ಟದಲ್ಲಿರೋವರಿಗೆ ಹೇಳೋದು ಸುಲಭ, ವೆಸ್ಟ್ರಿಯಲ್ಲಿ ನಾವು ಮಾಡಿದ್ದು ಅದನ್ನೇ. ಆದ್ರೆ ಮಾಸ್ತರು ತಮ್ಮನನ್ನ ನಿಜವಾಗಿ ಕ್ಷಮಿಸಿದ್ದು ವೆಸ್ಟ್ರಿಯಲ್ಲಿ ಅಲ್ಲ, ಲೆಕ್ಕ ಬರೆದ ಮೇಲೆ. ಮೊತ್ತ ಎಷ್ಟು ಅಂತ ಗೊತ್ತಿಲ್ದೇ ಇರೋವಾಗ ಅವರು ತಿಂಗಳಾ ತಿಂಗಳಾ ಸಿಟ್ಟನ್ನ ಹೊಸದಾಗಿ ಕೂಡಿಸ್ತಾ ಇದ್ರು, ನೋಟ್‌ಬುಕ್ ಬಂದ ಮೇಲೆ ಕೂಡಿಸೋ ಕೆಲಸ ನೋಟ್‌ಬುಕ್‌ದು ಆಯ್ತು.

2023ರ ಫೆಬ್ರವರಿಯ ಒಂದು ಮಾಮೂಲಿ ಭಾನುವಾರ, ಎರಡನೇ ಕಂತು ಬಂದಿತ್ತು ಅಷ್ಟೇ, ಮಾಸ್ತರು ಎದ್ದು ಅಕ್ಕಾರ ಹಿಂದೆ ಮುಂದಕ್ಕೆ ಹೋದ್ರು. ಯಾರೂ ಏನೂ ಅನ್ನಲಿಲ್ಲ. ತಮ್ಮ ಕೊನೇ ಬೆಂಚಲ್ಲೇ ಇದ್ದ, ಆಶೀರ್ವಚನದವರೆಗೂ.

ಐದರಲ್ಲಿ ಒಂದು ಪಾಲು

ತಮ್ಮ ಒಂದು ದಿನ ಯಾಜಕಕಾಂಡ 6 ಓದ್ಕೊಂಡು ಬಂದ. ಮೋಸದಿಂದ ತಗೊಂಡಿದ್ದನ್ನ ವಾಪಸ್ ಕೊಡೋವಾಗ ಅಸಲಿನ ಜೊತೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಡಬೇಕು ಅಂತಿದೆ ಅಲ್ಲಿ. ಸುಂಕದವ ಜಕ್ಕಾಯ ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕು ಪಟ್ಟು ಕೊಡ್ತೀನಿ ಅಂದ, ಅಷ್ಟು ನನ್ನಿಂದ ಆಗಲ್ಲ ಸರ, ಇದಾದ್ರೂ ಕೊಡ್ತೀನಿ ಅಂದ. 1,44,000ಕ್ಕೆ ಐದನೇ ಒಂದು ಪಾಲು 28,800.

ಮಾಸ್ತರು "ಬ್ಯಾಡೋ, ಅಸಲು ಬಂದ್ರ ಸಾಕು" ಅಂದ್ರು.

"ಬ್ಯಾಡ ಅನ್ನಾಕ ನೀವ್ಯಾರು?" ಅಂತ ಒಳಗಿಂದ ಅಕ್ಕಾರು. "ನನಗ ಬೇಕು. ಆರ್‌ಡಿ ಮುರದಾಗ ಬಡ್ಡಿ ಹೋತಲ್ಲ, ಅದು ಯಾರ್ ಕೊಡ್ತಾರ?"

ಕೆಲವರಿಗೆ ಇದು ಕೇಳೋಕೆ ಕಹಿ ಅನ್ಸಬಹುದು, ನಮ್ಮ ಸಭೆಯಲ್ಲೇ ಒಬ್ಬರು "ಕ್ರೈಸ್ತಳಾಗಿ ಹಂಗ ಕೇಳಬಾರದಿತ್ತು" ಅಂದ್ರು. ನನಗೆ ಹಾಗನ್ಸಲ್ಲ. ಕೊಡ್ತೀನಿ ಅಂತ ತಾನಾಗೇ ಬಂದವನ ಕೈಯಿಂದ ತಗೊಳ್ಳೋದೂ ಅವನಿಗೆ ಕೊಟ್ಟ ಮರ್ಯಾದೆನೇ. ಆ ಮಾತು ಮುಗಿದ ಮೇಲೆ ಅಕ್ಕಾರು ತಮ್ಮನಿಗೆ ಊಟ ಹಾಕಿದ್ರು, ಮೂರು ವರ್ಷದಲ್ಲಿ ಮೊದಲ ಸಲ.

ಈಗ ಎಲ್ಲಿಗೆ ಬಂದಿದೆ

ಸೊಸೈಟಿ ಲೋನ್ ಕ್ಲೋಸ್ ಆಗಿದೆ, ಕ್ಲಿಯರೆನ್ಸ್ ಪತ್ರ ಅಕ್ಕಾರ ಟ್ರಂಕಲ್ಲಿದೆ. ಮನೆಗೆ ಬರಬೇಕಾದ್ದರಲ್ಲಿ 18,000 ಉಳಿದಿದೆ, ಆಮೇಲೆ ಆ 28,800. ಮಾಸ್ತರು ರಿಟೈರ್ ಆದ್ರು. ತಮ್ಮ ಇನ್ನೂ ವಾಟ್ಸಾಪ್ ಗ್ರೂಪಿಗೆ ವಾಪಸ್ ಬಂದಿಲ್ಲ, ನಾನು ಸೇರಿಸೋಕೂ ಹೋಗಿಲ್ಲ. ಮೊದಲಿನ ಸಲಿಗೆ ಅವರಿಬ್ಬರಲ್ಲಿ ಇಲ್ಲ, "ಲೇ ತಮ್ಮಾ" ಅಂತಿದ್ದ ಮಾಸ್ತರು ಈಗ "ಏನಪಾ, ಅರಾಮಾ?" ಅಂತಾರೆ. ಕಮಿಟಿಯಲ್ಲಿ ಒಂದು ಸಣ್ಣ ನಿರ್ಣಯ ಮಾಡಿದ್ವಿ, ಚರ್ಚ್ ಕಂಪೌಂಡೊಳಗೆ ಯಾರೂ ಯಾವ ಸಾಲದ ಕಾಗದಕ್ಕೂ ಸೈನ್ ಕೇಳ್ಬಾರ್ದು, ಕೇಳಿದ್ರೆ "ಮನ್ಯಾಗ ಕೇಳಿ ಹೇಳ್ತೀನಿ" ಅಂತ ಹೇಳೋಕೆ ಎಲ್ಲರಿಗೂ ಸ್ವಾತಂತ್ರ್ಯ ಇದೆ ಅಂತ. ನಗ್ತಾರೆ ಕೆಲವರು, ಆದ್ರೆ ಬಳಸ್ತಿದ್ದಾರೆ.

ಈ ಸಲದ ಸುಗ್ಗಿ ಹಬ್ಬಕ್ಕೆ ಪೆಂಡಾಲ್ ತಮ್ಮನೇ ಹಾಕಿದ. ಖಜಾಂಚಿ ಅಂದ್ರು, "ನಮ್ಮವನ ಅದಾನ, ಸಭೆಗೆ ಅಂತ ಫ್ರೀ ಮಾಡ್ತಾನ ಬಿಡ್ರಿ." ಮಾಸ್ತರು ಕನ್ನಡಕ ಹಣೆಗೆ ಏರಿಸಿ, "ಬಿಲ್ ತಗೋರಿ" ಅಂದ್ರು. ಖಜಾಂಚಿ ಇನ್ನೇನೋ ಹೇಳೋಕೆ ಹೋದ್ರು, ಮಾಸ್ತರು ಮತ್ತೆ "ಬಿಲ್ ತಗೋರಿ" ಅಂದ್ರು. ಸಂಜೆ ಕಾಣಿಕೆ ಬೆಳೆಗಳ ಹರಾಜೆಲ್ಲ ಮುಗಿದು, ಕುಂಬಳಕಾಯಿ ಕಬ್ಬು ಎಲ್ಲಾ ಮನೆಗೆ ಹೋದ ಮೇಲೆ, ಇಬ್ಬರೂ ಸೇರಿ ಕುರ್ಚಿ ಹತ್ತತ್ತು ಮಾಡಿ ಪೇರಿಸಿದ್ರು. ತಮ್ಮ ಬಿಲ್ಲಲ್ಲಿ 250 ಅಂತ ಬರೆದಿದ್ದ. ಮಾಸ್ತರ ಎಣಿಕೆಗೆ 246 ಬಂತು. ತಮ್ಮ ಇನ್ನೊಂದು ಸಲ ಎಣಿಸಿ, 250 ಹೊಡೆದು ಹಾಕಿ 246 ಅಂತ ಬರೆದು, ಪಕ್ಕದಲ್ಲಿ ಸಣ್ಣ ಸೈನ್ ಹಾಕಿ ಕೊಟ್ಟ.